ಕಾಯುವುದಾದರೆ ತಾರೀಖು ಹಾಕಿಕೊಂಡು ಕಾಯಿರಿ

ತಾಲ್ಲೂಕು, ಹೋಬಳಿಗಳ ಡಿಟಿಪಿ ಮತ್ತು ಆನ್‌ಲೈನ್ ಸೆಂಟರ್ ಮಾಲೀಕರಿಗೆ ಒಂದು ಬಹಿರಂಗ ಪತ್ರ

ಅಂಗಡಿ ಬಂಧುಗಳೇ,

"ಹೊಸ ಸಿಸ್ಟಂ ಈಗಲೇ ತಗೊಳ್ಳಲಾ, ಇಲ್ಲ ಸ್ವಲ್ಪ ದಿನ ತಡೀಲಾ?" ಕಳೆದ ದಸರಾದಿಂದ ಈಚೆಗೆ ನೀವೆಲ್ಲ ನನ್ನನ್ನು ಕೇಳುತ್ತಿರುವುದು ಇದೊಂದೇ ಪ್ರಶ್ನೆ. ಫೋನಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ತುಣುಕು ಹೇಳುವ ಬದಲು ಎಲ್ಲರಿಗೂ ಸೇರಿಸಿ ಬರೆದುಬಿಡೋಣ ಅನ್ನಿಸಿತು. ಮೊದಲೇ ಒಂದು ಮಾತು. ಕಂಪ್ಯೂಟರ್ ರಿಪೇರಿ ಮಾಡಿ, ಜೋಡಿಸಿ ಮಾರಿ ಹೊಟ್ಟೆ ಹೊರೆಯುವವನು ನಾನು. ನೀವು ಇವತ್ತೇ ಕೊಂಡರೆ ನನಗೂ ನಾಲ್ಕು ಕಾಸು ಉಳಿಯುತ್ತದೆ. ಅದು ನೆನಪಿನಲ್ಲಿರಲಿ. ಹಾಗಿದ್ದೂ ನಿಮ್ಮಲ್ಲಿ ಹಲವರಿಗೆ ಹೊಸದು ಬೇಡ ಎಂದೇ ಈ ಪತ್ರ ಹೇಳುತ್ತದೆ.

ಕಾಯುವ ಬುದ್ಧಿ ನಮಗೆ ಸುಮ್ಮನೆ ಬಂದದ್ದಲ್ಲ. ಬಹಳ ವರ್ಷ ಕಂಪ್ಯೂಟರ್ ವ್ಯಾಪಾರದಲ್ಲಿ ಕಾದವನೇ ಗೆದ್ದಿದ್ದಾನೆ. ಆರು ತಿಂಗಳು ತಡೆದು ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದರೆ ಅದೇ ದುಡ್ಡಿಗೆ ದೊಡ್ಡ ಹಾರ್ಡ್ ಡಿಸ್ಕ್, ಚುರುಕಾದ ಪ್ರೊಸೆಸರ್ ಸಿಗುತ್ತಿತ್ತು. ಆತುರಪಟ್ಟು ಕೊಂಡವನು ಮುಂದಿನ ವರ್ಷ ಪಕ್ಕದ ಅಂಗಡಿಯವನ ಮಷೀನು ನೋಡಿ ಹೊಟ್ಟೆ ಉರಿಸಿಕೊಳ್ಳುತ್ತಿದ್ದ.

ಆದರೆ ಯಾವುದಾದರೂ ಒಂದು ಭಾಗಕ್ಕೆ ಬರ ಬಂತೆಂದರೆ ಈ ಲೆಕ್ಕ ತಲೆಕೆಳಗಾಗುತ್ತದೆ. 2011ರಲ್ಲಿ ಥಾಯ್ಲೆಂಡಿನಲ್ಲಿ ಪ್ರವಾಹ ಬಂದು ವೆಸ್ಟರ್ನ್ ಡಿಜಿಟಲ್‌ನ ಕಾರ್ಖಾನೆಗೆ ನೀರು ನುಗ್ಗಿದಾಗ ಹಾರ್ಡ್ ಡಿಸ್ಕಿನ ಬೆಲೆ ಕೆಲವೇ ವಾರಗಳಲ್ಲಿ ಹೆಚ್ಚುಕಮ್ಮಿ ದುಪ್ಪಟ್ಟಾಯಿತು. ನೀರು ಇಳಿದಷ್ಟು ಬೇಗ ಬೆಲೆ ಇಳಿಯಲಿಲ್ಲ. ಕೊರೊನಾ ಕಾಲದಲ್ಲಿ ಗ್ರಾಫಿಕ್ ಕಾರ್ಡುಗಳ ಕಥೆಯೂ ಹಾಗೇ ಆಯಿತು.

ಈಗ ಆ ಸರದಿ ರ‍್ಯಾಮ್‌ನದು. ಜಗತ್ತಿನ ಮೆಮೊರಿ ಚಿಪ್ಪುಗಳಲ್ಲಿ ಬಹುಪಾಲನ್ನು ತಯಾರಿಸುವುದು ಮೂರೇ ಕಂಪನಿಗಳು: ದಕ್ಷಿಣ ಕೊರಿಯಾದ ಸ್ಯಾಮ್‌ಸಂಗ್ ಮತ್ತು ಎಸ್‌ಕೆ ಹೈನಿಕ್ಸ್, ಅಮೆರಿಕದ ಮೈಕ್ರಾನ್. ಎಐ ಡೇಟಾ ಸೆಂಟರ್‌ಗಳಿಗೆ ಎಚ್‌ಬಿಎಂ ಎಂಬ ಬೇರೆ ಜಾತಿಯ ಮೆಮೊರಿ ಬೇಕು. ಅದಕ್ಕೆ ಡೇಟಾ ಸೆಂಟರಿನವರು ಕೇಳಿದಷ್ಟು ದುಡ್ಡು ಕೊಡುತ್ತಾರೆ. ನಮ್ಮ ಕಂಪ್ಯೂಟರಿಗೆ ಹಾಕುವ ಡಿಡಿಆರ್5 ರ‍್ಯಾಮ್‌ಗೆ ಹೋಲಿಸಿದರೆ ಅಷ್ಟೇ ಜಿಬಿ ಎಚ್‌ಬಿಎಂ ತಯಾರಿಸಲು ಸುಮಾರು ಮೂರು ಪಟ್ಟು ಸಿಲಿಕಾನ್ ಬಿಲ್ಲೆ ಹಿಡಿಯುತ್ತದೆ ಎಂದು ಮೈಕ್ರಾನ್ ಹೇಳಿದೆ. ಕಾರ್ಖಾನೆ ಅಷ್ಟೇ ಇದೆ. ಅತ್ತ ಹೆಚ್ಚು ಹೋದಂತೆ ಇತ್ತ ಕಡಿಮೆಯಾಗುತ್ತದೆ. 2025ರ ಡಿಸೆಂಬರಿನಲ್ಲಿ ಮೈಕ್ರಾನ್ ತನ್ನ ಕ್ರೂಷಿಯಲ್ ಹೆಸರಿನ ರ‍್ಯಾಮ್, ಎಸ್‌ಎಸ್‌ಡಿಗಳ ಚಿಲ್ಲರೆ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಸಾರಿತು. ನಾವು ಕಣ್ಣು ಮುಚ್ಚಿಕೊಂಡು ಹಾಕುತ್ತಿದ್ದ ರ‍್ಯಾಮ್ ಅದು. "ಹಳೇ ಡಿಡಿಆರ್4 ಆದರೂ ಅಗ್ಗ ಇರಬೇಕಲ್ಲ" ಎನ್ನುವಂತೆಯೂ ಇಲ್ಲ. ಅದರ ತಯಾರಿಕೆಯನ್ನು ಕಂಪನಿಗಳು ಕಡಿಮೆ ಮಾಡುತ್ತ ಬಂದದ್ದರಿಂದ ಅದೂ ಏರಿದೆ.

ಹಾಗಂತ ಬೆಲೆ ಇನ್ನು ಇಳಿಯುವುದೇ ಇಲ್ಲ ಎಂದು ಹೆದರಿಸಿ ಮಾರುವವರನ್ನೂ ನಂಬಬೇಡಿ. ಇದೇ ರ‍್ಯಾಮ್ 2022–23ರಲ್ಲಿ ಕೇಳುವವರಿಲ್ಲದೆ ಬಿದ್ದಿತ್ತು. ತಯಾರಿಕೆ ಕಡಿಮೆ ಮಾಡುತ್ತೇವೆ ಎಂದು 2023ರ ಏಪ್ರಿಲಿನಲ್ಲಿ ಸ್ಯಾಮ್‌ಸಂಗ್ ಪ್ರಕಟಿಸಬೇಕಾಯಿತು. ಏರಿದ್ದು ಇಳಿಯುತ್ತದೆ. ಆದರೆ ಚಿಪ್ ಕಾರ್ಖಾನೆಯೊಂದು ತಲೆಯೆತ್ತಿ ಮಾಲು ಹೊರಗೆ ಬರಲು ವರ್ಷಗಳು ಬೇಕು. ಈ ಬಿಗಿ 2026 ದಾಟಿಯೂ ಇರುತ್ತದೆ ಎಂದು ಮೈಕ್ರಾನೇ ತನ್ನ ಹೂಡಿಕೆದಾರರಿಗೆ ಹೇಳಿಕೊಂಡಿದೆ. ಹೀಗಿರುವಾಗ "ಯುಗಾದಿ ಕಳೀಲಿ, ಇಳಿಯುತ್ತೆ" ಎನ್ನುವುದಕ್ಕೆ ಆಧಾರವಿಲ್ಲ.

ಕಳೆದ ವರ್ಷದ ಜಿಎಸ್‌ಟಿ ಪ್ರಸಂಗ ನೆನಪಿಸಿಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ ತೆರಿಗೆ ಇಳಿಯುತ್ತದೆ ಎಂದು ಸುದ್ದಿ ಬಂದ ಕೂಡಲೇ ನಿಮ್ಮಲ್ಲಿ ಅನೇಕರು ಆರ್ಡರ್ ತಡೆಹಿಡಿದಿರಿ. ಟಿವಿ ಇಳಿಯಿತು, 32 ಇಂಚಿಗಿಂತ ದೊಡ್ಡ ಮಾನಿಟರ್ 28ರಿಂದ 18 ಪರ್ಸೆಂಟಿಗೆ ಬಂತು. ಕಂಪ್ಯೂಟರ್ ಮೊದಲೂ 18 ಪರ್ಸೆಂಟ್, ಆಮೇಲೂ 18 ಪರ್ಸೆಂಟ್. ತಡೆದವರ ಕೈಗೆ ಏನೂ ಹತ್ತಲಿಲ್ಲ. ಅಷ್ಟರಲ್ಲಿ ರ‍್ಯಾಮ್ ಏರತೊಡಗಿತು.

ನಾನು ಹೇಳಬೇಕೆಂದಿರುವುದು ಇಷ್ಟೇ. ಕಾಯುವುದು ತಪ್ಪಲ್ಲ, ಗೊತ್ತುಗುರಿಯಿಲ್ಲದೆ ಕಾಯುವುದು ತಪ್ಪು. ಏತಕ್ಕಾಗಿ ಕಾಯುತ್ತಿದ್ದೇನೆ, ಯಾವ ತಾರೀಖಿನವರೆಗೆ ಕಾಯುತ್ತೇನೆ ಎಂದು ಗಲ್ಲಾಪೆಟ್ಟಿಗೆಯ ಮೇಲಿನ ಕ್ಯಾಲೆಂಡರಿನಲ್ಲಿ ಬರೆಯಲು ಬಂದರೆ ಕಾಯಿರಿ. ಬರೆಯಲು ಬಾರದಿದ್ದರೆ ನೀವು ಕಾಯುತ್ತಿಲ್ಲ, ಮುಂದೂಡುತ್ತಿದ್ದೀರಿ.

ಮೊದಲು ನಿಮ್ಮ ಟೇಬಲ್ ಮೇಲಿರುವ ಮಷೀನನ್ನೇ ಸರಿಯಾಗಿ ನೋಡೋಣ. ದಿಸ್ ಪಿಸಿ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ಒತ್ತಿ. ಪ್ರೊಸೆಸರ್ ಎಂದಿರುವ ಕಡೆ ಇಂಟೆಲ್ ಐ3, ಐ5 ಎಂದು ಬರೆದು ಮುಂದೆ ಒಂದು ನಂಬರ್ ಇರುತ್ತದೆ. ಐ5-7400 ಎಂದಿದ್ದರೆ ಅದು 7ನೇ ತಲೆಮಾರು, ಐ5-8400 ಎಂದಿದ್ದರೆ 8ನೇದು, ಐ3-10100 ಎಂದಿದ್ದರೆ 10ನೇದು. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ 8ನೇ ತಲೆಮಾರು ಅಥವಾ ಈಚಿನದಿರಬೇಕು, ಟಿಪಿಎಂ 2.0 ಎಂಬ ಸೆಕ್ಯುರಿಟಿ ವ್ಯವಸ್ಥೆ ಇರಬೇಕು. ಎಎಂಡಿಯಾದರೆ ಬಹುಮಟ್ಟಿಗೆ ರೈಜನ್ 2000 ಸರಣಿಯಿಂದ ಈಚಿನವು ನಡೆಯುತ್ತವೆ. ಟಿಪಿಎಂ ಇಲ್ಲ ಎಂದು ತೋರಿಸಿದರೆ ಗಾಬರಿಯಾಗಬೇಡಿ. 8ನೇ ತಲೆಮಾರಿನ ಎಷ್ಟೋ ಬೋರ್ಡುಗಳಲ್ಲಿ ಅದು ಬಯೋಸ್‌ನಲ್ಲಿ ಆಫ್ ಆಗಿರುತ್ತದೆ, ಆನ್ ಮಾಡಿದರೆ ಮುಗಿಯಿತು.

ಈ 8ನೇ ತಲೆಮಾರಿನ ಗೆರೆ ಏಕೆ ಮುಖ್ಯವೆಂದರೆ ವಿಂಡೋಸ್ 10ಕ್ಕೆ ಮಾಮೂಲಿ ಸೆಕ್ಯುರಿಟಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೇ ನಿಂತುಹೋಗಿದೆ. ಮನೆಬಳಕೆಯವರು ಹೆಸರು ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್ 13ರವರೆಗೆ ಹೆಚ್ಚುವರಿ ಅಪ್‌ಡೇಟ್ ಕೊಡುತ್ತೇವೆಂದು ಮೈಕ್ರೋಸಾಫ್ಟ್ ಹೇಳಿದೆ. ಮೈಕ್ರೋಸಾಫ್ಟ್ ಅಕೌಂಟಿನಿಂದ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದವರಿಗೆ ದುಡ್ಡಿಲ್ಲದೆ ಸಿಗುತ್ತದೆ, ಇಲ್ಲದಿದ್ದರೆ 30 ಡಾಲರ್. ಸಂಸ್ಥೆಗಳ ಲೆಕ್ಕಕ್ಕೆ ಬಂದರೆ ಒಂದು ಮಷೀನಿಗೆ ಮೊದಲ ವರ್ಷ 61 ಡಾಲರ್, ಮುಂದಿನ ವರ್ಷ ಅದರ ದುಪ್ಪಟ್ಟು. ಕಳ್ಳ ಕಾಪಿ ಹಾಕಿಸಿಕೊಂಡವರು ಈ ಬಾಗಿಲಿನ ಹತ್ತಿರವೂ ಹೋಗುವಂತಿಲ್ಲ.

"ಅಪ್‌ಡೇಟ್ ಇಲ್ಲದಿದ್ದರೆ ಏನೀಗ, ಮಷೀನು ಆನ್ ಆಗುತ್ತಲ್ಲ" ಎಂದು ನೀವು ಕೇಳುತ್ತೀರಿ. ಆಗುತ್ತದೆ. ಆದರೆ ನಿಮ್ಮ ಮಷೀನಿನೊಳಗೆ ಏನೇನಿದೆ ನೋಡಿ. ಡೌನ್‌ಲೋಡ್ಸ್ ಫೋಲ್ಡರ್ ತೆಗೆದರೆ ಅರ್ಧ ಊರಿನ ಆಧಾರ್ ಪ್ರತಿ, ಪ್ಯಾನ್ ಕಾರ್ಡ್, ಪಾಸ್‌ಬುಕ್‌ನ ಮೊದಲ ಪುಟ, ಮಕ್ಕಳ ಅಂಕಪಟ್ಟಿ. ಜನ ನಿಮ್ಮನ್ನು ನಂಬಿ ಒಟಿಪಿ ಹೇಳುತ್ತಾರೆ. ಮದುವೆ ಕಾರ್ಡು ಮಾತ್ರ ಮಾಡುವವನ ಕಂಪ್ಯೂಟರ್ ಬೇರೆ, ದಿನಕ್ಕೆ ಇಪ್ಪತ್ತು ಜನರ ಬ್ಯಾಂಕ್ ವಿವರ ತುಂಬುವವನ ಕಂಪ್ಯೂಟರ್ ಬೇರೆ. ಎರಡನೆಯವನು ಅಪ್‌ಡೇಟ್ ಇಲ್ಲದ ಮಷೀನನ್ನು ಇಂಟರ್‌ನೆಟ್ಟಿಗೆ ಹಚ್ಚಬಾರದು. ಇನ್ನು ವಿಂಡೋಸ್ 7 ಇಟ್ಟುಕೊಂಡವರಿಗೆ ನಾನು ಹೇಳಬೇಕಾದ್ದೇ ಇಲ್ಲ. ಅದಕ್ಕೆ ಕ್ರೋಮ್ 2023ರ ಆರಂಭದಲ್ಲೇ 109ನೇ ಆವೃತ್ತಿಗೆ ನಿಂತಿತು. ಅರ್ಜಿಯ ಪುಟ ತೆರೆಯುವುದೇ ಇಲ್ಲ ಎಂದು ನೀವು ಸರ್ವರ್‌ಗೆ ಬೈಯುತ್ತಿದ್ದೀರಿ. ಎಷ್ಟೋ ಸಲ ತಪ್ಪು ನಿಮ್ಮ ಬ್ರೌಸರಿನದು.

ಮಷೀನು ನಿಧಾನ ಎಂಬುದು ಎರಡನೇ ದೂರು. ಇಲ್ಲೂ ಕೊಳ್ಳುವ ಮೊದಲು ರೋಗ ಯಾವುದು ಎಂದು ತಿಳಿಯಿರಿ. ಗಿರಾಕಿ ಎದುರಿಗೆ ಕೂತಿದ್ದಾನೆ, ಮೊಬೈಲಿಗೆ ಒಟಿಪಿ ಬಂದಿದೆ, ನಿಮ್ಮ ಪರದೆಯಲ್ಲಿ ಚಕ್ರ ಇನ್ನೂ ಸುತ್ತುತ್ತಿದೆ. ಅದೇ ಹೊತ್ತಿನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಸಿಪಿಯು, ಮೆಮೊರಿ, ಡಿಸ್ಕ್ ಎಂದು ಸಾಲಾಗಿ ಇರುತ್ತವೆ. ಡಿಸ್ಕ್ ಎಂಬಲ್ಲಿ 100 ಪರ್ಸೆಂಟ್ ನಿಂತಿದ್ದು, ಸಿಪಿಯು ಇಪ್ಪತ್ತು ಮೂವತ್ತರಲ್ಲಿ ಆರಾಮಾಗಿದ್ದರೆ ನಿಮ್ಮ ಪ್ರೊಸೆಸರಿಗೆ ಏನೂ ಆಗಿಲ್ಲ. ಹಳೇ ಸುತ್ತುವ ಹಾರ್ಡ್ ಡಿಸ್ಕ್ ಏದುಸಿರು ಬಿಡುತ್ತಿದೆ. 256 ಜಿಬಿಯ ಎಸ್‌ಎಸ್‌ಡಿ ಹಾಕಿ, ವಿಂಡೋಸ್ ಅದಕ್ಕೆ ವರ್ಗಾಯಿಸಿ, ಹಳೇ ಡಿಸ್ಕನ್ನು ಫೈಲು ಇಡಲು ಬಿಡಿ. ನಿಮಿಷಗಟ್ಟಲೆ ಕಾಯಿಸುತ್ತಿದ್ದ ಮಷೀನು ಅರ್ಧ ನಿಮಿಷದೊಳಗೆ ಕೆಲಸಕ್ಕೆ ನಿಲ್ಲುತ್ತದೆ. ಎಸ್‌ಎಸ್‌ಡಿ ಬೆಲೆಯೂ ಏರಿದೆ, ಆದರೂ ಹೊಸ ಸಿಸ್ಟಂನ ಮುಂದೆ ಅದು ಚಿಲ್ಲರೆ. ಮೆಮೊರಿ 90 ದಾಟಿ ನಿಂತಿದ್ದರೆ ರ‍್ಯಾಮ್ ಸಾಲದು ಎಂದರ್ಥ. ನಾಲ್ಕಿದ್ದರೆ ಎಂಟು ಜಿಬಿ ಮಾಡಿ. ಸಿಪಿಯುವೇ ಸದಾ 100 ಹೊಡೆಯುತ್ತಿದ್ದರೆ ಮಾತ್ರ ಹೊಸ ಮಷೀನಿನ ಮಾತೆತ್ತಿ.

ಇಷ್ಟು ನೋಡಿಕೊಂಡ ಮೇಲೆ ನಿಮ್ಮಲ್ಲಿ ಬಹುತೇಕರು ಮೂರು ಗುಂಪಿನಲ್ಲಿ ಒಂದಕ್ಕೆ ಸೇರುತ್ತೀರಿ.

8ನೇ ತಲೆಮಾರು ಅಥವಾ ಈಚಿನ ಪ್ರೊಸೆಸರ್ ಇದ್ದವರು ಕೊಳ್ಳಬೇಡಿ. ವಿಂಡೋಸ್ 11 ಹಾಕಿಕೊಳ್ಳಿ, ಎಸ್‌ಎಸ್‌ಡಿ ಇಲ್ಲದಿದ್ದರೆ ಹಾಕಿಸಿ, ಕ್ಯಾಬಿನೆಟ್ ತೆಗೆಸಿ ಧೂಳು ಹೊಡೆಸಿ. ನಿಮ್ಮ ಕಾಯುವಿಕೆಗೆ ಅರ್ಥವಿದೆ, ರ‍್ಯಾಮ್ ಬೆಲೆ ಇಳಿಯುವವರೆಗೂ ಧೈರ್ಯವಾಗಿ ಕಾಯಬಹುದು.

6ನೇ, 7ನೇ ತಲೆಮಾರಿನಲ್ಲಿ ವಿಂಡೋಸ್ 10 ಓಡಿಸುತ್ತಿರುವವರು ಹೆಚ್ಚುವರಿ ಅಪ್‌ಡೇಟಿಗೆ ಇವತ್ತೇ ನೋಂದಾಯಿಸಿಕೊಳ್ಳಿ. ನಿಮ್ಮ ಗಡುವು 2026ರ ಅಕ್ಟೋಬರ್ 13. ಆಯುಧಪೂಜೆಗೆ ಹೊಸದು ತರೋಣ ಎನ್ನುವ ರೂಢಿ ನಮ್ಮಲ್ಲಿದೆ. ಈ ಸಲ ಆ ಗಡುವು ನವರಾತ್ರಿಯೊಳಗೆ, ಆಯುಧಪೂಜೆಗಿಂತ ಮೊದಲೇ ಬರುತ್ತದೆ. ಮಷೀನು ಬದಲಿಸಲು ಕೆಲಸ ಕಡಿಮೆ ಇರುವ ಹೊತ್ತು ಬೇಕು. ಈ ವರ್ಷ ಮೇ ಮಧ್ಯದಿಂದ ಜೂನ್ ಮಧ್ಯದವರೆಗೆ ಅಧಿಕ ಜ್ಯೇಷ್ಠ, ಲಗ್ನಪತ್ರಿಕೆಯ ಕೆಲಸ ಇರುವುದಿಲ್ಲ. ಆದರೆ ಅಡ್ಮಿಶನ್ ಅರ್ಜಿಗಳ ನೂಕುನುಗ್ಗಲು ಆಗಲೇ. ಹಾಗಾಗಿ ಕಾರ್ಡು ಮಾಡುವವರು ಅಧಿಕಮಾಸದಲ್ಲಿ, ಅರ್ಜಿ ತುಂಬುವವರು ಜುಲೈ ಮಧ್ಯದಿಂದ ಬರುವ ಆಷಾಢದಲ್ಲಿ ಬದಲಿಸಿಕೊಂಡರೆ ಅನುಕೂಲ.

ಕೋರ್ 2 ಡ್ಯುಯೋ, 2ನೇ, 3ನೇ ತಲೆಮಾರಿನ ಮಷೀನಿನಲ್ಲಿ ಇನ್ನೂ ಜನರ ಅರ್ಜಿ ತುಂಬುತ್ತಿರುವವರು ಈ ತಿಂಗಳೇ ಕೊಳ್ಳಿ. ನಿಮ್ಮ ಲೆಕ್ಕ ರ‍್ಯಾಮ್ ಬೆಲೆಯದಲ್ಲ, ಎದ್ದುಹೋಗುವ ಗಿರಾಕಿಯದು. ಮಷೀನು ಸತಾಯಿಸಿ ದಿನಕ್ಕೆ ನಾಲ್ಕು ಅರ್ಜಿ ತಪ್ಪಿದವು, ಒಂದಕ್ಕೆ 50 ರೂಪಾಯಿ ಎಂದಿಟ್ಟುಕೊಳ್ಳಿ. ದಿನಕ್ಕೆ 200, ತಿಂಗಳಲ್ಲಿ 25 ದಿನಕ್ಕೆ 5,000 ರೂಪಾಯಿ. ಬೆಲೆ ಐದು ಸಾವಿರ ಇಳಿಯಲಿ ಎಂದು ಆರು ತಿಂಗಳು ಕಾದರೆ 30,000 ಕಳೆದುಕೊಂಡಿರುತ್ತೀರಿ. ನಿಮ್ಮ ಅಂಗಡಿಯ ಅಂಕಿ ಹಾಕಿ ನೀವೇ ಕೂಡಿಸಿ ನೋಡಿ.

ಕೊಳ್ಳುವವರಿಗೆ ಕೆಲವು ಮಾತು. ಡೆಸ್ಕ್‌ಟಾಪಿನ ದೊಡ್ಡ ಗುಣವೆಂದರೆ ಅದನ್ನು ಕಂತಿನಲ್ಲಿ ಕಟ್ಟಬಹುದು. ಮಾನಿಟರ್, ಕೀಬೋರ್ಡ್, ಯುಪಿಎಸ್, ಚೆನ್ನಾಗಿದ್ದರೆ ಕ್ಯಾಬಿನೆಟ್, ಎಲ್ಲ ಹಳೆಯದೇ ಇರಲಿ. ಬೋರ್ಡು ಮತ್ತು ಪ್ರೊಸೆಸರ್ ಹೊಸದು ತನ್ನಿ. ರ‍್ಯಾಮ್ ಈಗ ದುಬಾರಿಯಾದ್ದರಿಂದ ಎಂಟು ಜಿಬಿಯ ಒಂದೇ ಸ್ಟಿಕ್ ಹಾಕಿ, ಇನ್ನೊಂದು ಸ್ಲಾಟ್ ಖಾಲಿ ಬಿಡಿ. ಬೆಲೆ ಇಳಿದ ದಿನ ಅದನ್ನು ತುಂಬಿದರಾಯಿತು. ಹಳೇ ಮಷೀನಿನಲ್ಲಿ ಡಿಡಿಆರ್4 ರ‍್ಯಾಮ್ ಇದ್ದರೆ ಎಸೆಯಬೇಡಿ, ಯಾರಿಗೂ ಕೊಡಬೇಡಿ. ಇಂಟೆಲ್‌ನ 12ರಿಂದ 14ನೇ ತಲೆಮಾರಿಗೆ ಡಿಡಿಆರ್4 ಹಿಡಿಯುವ ಎಚ್610 ಬೋರ್ಡುಗಳಿವೆ. ಎಎಂಡಿಯ ಎಎಂ4 ಬೋರ್ಡಿಗೂ ಅದೇ ರ‍್ಯಾಮ್ ನಡೆಯುತ್ತದೆ. ಎಎಂ5 ತೆಗೆದುಕೊಂಡರೆ ಡಿಡಿಆರ್5 ಬೇಕೇ ಬೇಕು, ಹಳೆಯದು ಆ ಸ್ಲಾಟಿಗೆ ಕೂರುವುದೇ ಇಲ್ಲ. ಬಿಡುಗಡೆಯಾಗಲಿರುವ ಮುಂದಿನ ಪ್ರೊಸೆಸರಿಗಾಗಿ ಕಾಯುವುದು ನಿಮ್ಮ ಕೆಲಸಕ್ಕೆ ದಂಡ. ಪಿಡಿಎಫ್ ಮಾಡಲು, ಅರ್ಜಿ ತುಂಬಲು, ಬ್ಯಾನರ್ ಡಿಸೈನಿಗೆ 2022ರಲ್ಲಿ ಬಂದ ಐ3-12100 ಧಾರಾಳ ಸಾಕು.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಜಾಹೀರಾತು ನೋಡಿ ಮರುಳಾಗಬೇಡಿ. "ಐ7, 16 ಜಿಬಿ, ಎಸ್‌ಎಸ್‌ಡಿ, ಒಂದು ವರ್ಷ ವಾರಂಟಿ" ಎಂದು ದೊಡ್ಡಕ್ಷರದಲ್ಲಿ ಇರುತ್ತದೆ, ನಂಬರ್ ಮಾತ್ರ ಇರುವುದಿಲ್ಲ. ಕೇಳಿದರೆ ಐ7-2600 ಎನ್ನುತ್ತಾರೆ. ಅದು 2011ರ ಪ್ರೊಸೆಸರ್. ಮೇಲೆ ಹೇಳಿದ ಐ3-12100 ಅದನ್ನು ಸುಲಭವಾಗಿ ಹಿಂದೆ ಹಾಕುತ್ತದೆ. ವಿಂಡೋಸ್ 11ಕ್ಕೂ ಅದು ಸಲ್ಲುವುದಿಲ್ಲ. ಏನೋ ಉಪಾಯ ಮಾಡಿ ಹಾಕಿಕೊಡುತ್ತೇವೆ ಎಂದರೆ ಒಪ್ಪಬೇಡಿ, ಅಂಥ ಮಷೀನಿಗೆ ಅಪ್‌ಡೇಟ್ ಬರುವ ಖಾತ್ರಿಯಿಲ್ಲ. ದೊಡ್ಡ ಕಚೇರಿಗಳಿಂದ ಹೊರಬಿದ್ದ 8ನೇ, 9ನೇ, 10ನೇ ತಲೆಮಾರಿನ ಬ್ರ್ಯಾಂಡೆಡ್ ಡೆಸ್ಕ್‌ಟಾಪುಗಳು ರ‍್ಯಾಮ್ ಸಮೇತ ಸಿಗುತ್ತವೆ. ಈ ಕಾಲಕ್ಕೆ ಬುದ್ಧಿವಂತರು ಕೊಳ್ಳಬೇಕಾದ್ದು ಅದನ್ನೇ. ಹೊಸದಾಗಲಿ ಹಳೆಯದಾಗಲಿ, ಬಿಲ್ ಕೇಳಿ ಪಡೆಯಿರಿ. ಜಿಎಸ್‌ಟಿ ನೋಂದಣಿ ಇದ್ದು ಕಾಂಪೋಸಿಷನ್‌ನಲ್ಲಿ ಇಲ್ಲದವರಿಗೆ ಬಿಲ್ಲಿನ ಮೇಲೆ ಹಾಕಿದ ತೆರಿಗೆ ಇನ್‌ಪುಟ್ ಕ್ರೆಡಿಟ್ ಆಗಿ ವಾಪಸ್ಸು ಬರುತ್ತದೆ.

ಇನ್ನು ಡಿಟಿಪಿಯವರ ನಿಜವಾದ ಭಯಕ್ಕೆ ಬರುತ್ತೇನೆ. ನೀವು ಹಳೇ ಮಷೀನು ಬಿಡದಿರುವುದಕ್ಕೆ ಬೆಲೆ ನೆಪ ಅಷ್ಟೇ, ಪೇಜ್‌ಮೇಕರ್ ಕಾರಣ. 2001ರಲ್ಲಿ ಬಂದ 7ನೇ ಆವೃತ್ತಿಯೇ ಅದರ ಕೊನೆಯದು. ಯೂನಿಕೋಡ್ ಅದಕ್ಕೆ ಗೊತ್ತಿಲ್ಲ. ನುಡಿ, ಶ್ರೀಲಿಪಿಯ ಹಳೇ ಫಾಂಟುಗಳಲ್ಲಿ ಹೊಂದಿಸಿಟ್ಟ ಸಾವಿರಾರು ಲಗ್ನಪತ್ರಿಕೆ, ಜಾತ್ರೆಯ ಪೋಸ್ಟರ್, ಸಂಘಗಳ ವರದಿ ಅದರಲ್ಲಿವೆ. ವಿಂಡೋಸ್ 11 ಬರುವುದು 64 ಬಿಟ್‌ನಲ್ಲಿ ಮಾತ್ರ. 16 ಬಿಟ್ ಕಾಲದ ಪ್ರೋಗ್ರಾಂಗಳು ಅದರಲ್ಲಿ ಓಡುವುದಿಲ್ಲ, ಹಳೇ 32 ಬಿಟ್ ಡ್ರೈವರಿನ ಪ್ರಿಂಟರು, ಡಾಂಗಲ್‌ಗಳು ಏಳುವುದಿಲ್ಲ. ಆದ್ದರಿಂದ ಕೊಳ್ಳುವ ಮುಂಚೆ ನಿಮ್ಮ ಪ್ರಿಂಟರ್, ಸ್ಕ್ಯಾನರ್, ಬೆರಳಗುರುತಿನ ಯಂತ್ರ, ಡಾಂಗಲ್‌ಗಳ ಪಟ್ಟಿ ಮಾಡಿ, ಒಂದೊಂದಕ್ಕೂ ವಿಂಡೋಸ್ 11ರ 64 ಬಿಟ್ ಡ್ರೈವರ್ ಇದೆಯೇ ಎಂದು ಕಂಪನಿಯ ತಾಣದಲ್ಲಿ ನೋಡಿ. ಇಷ್ಟು ಮಾಡದೆ ಕೊಂಡವರು ಹೊಸ ಮಷೀನು ತಂದ ಸಂಜೆಯೇ ಫೋನು ಮಾಡುತ್ತಾರೆ.

ಪೇಜ್‌ಮೇಕರಿಗೆ ನನ್ನ ಸಲಹೆ: ಹಳೇ ಮಷೀನನ್ನು ಮಾರಬೇಡಿ, ಅದರ ಇಂಟರ್‌ನೆಟ್ ತಂತಿ ಕಿತ್ತುಬಿಡಿ. ಹಳೇ ಫೈಲು ತೆಗೆದು ಹೆಸರು, ತಾರೀಖು ಬದಲಿಸಿ ಪ್ರಿಂಟು ಕೊಡುವ ಕೆಲಸ ಅಲ್ಲೇ ನಡೆಯಲಿ. ಹೊಸ ಕೆಲಸವೆಲ್ಲ ಹೊಸ ಮಷೀನಿನಲ್ಲಿ ಯೂನಿಕೋಡಿನಲ್ಲಿ ಶುರುವಾಗಲಿ. ಇನ್‌ಡಿಸೈನ್ ಕನ್ನಡ ಯೂನಿಕೋಡನ್ನು ಸರಿಯಾಗಿ ಹೊಂದಿಸುತ್ತದೆ. ದುಡ್ಡಿಲ್ಲದೆ ಸಿಗುವ ಸ್ಕ್ರೈಬಸ್ ಕೂಡ 1.6ನೇ ಆವೃತ್ತಿಯಲ್ಲಿ ಒತ್ತಕ್ಷರ ಕೂರಿಸುತ್ತದೆ. ನುಡಿ ಕೀಲಿಮಣೆಯ ವಿನ್ಯಾಸ ಯೂನಿಕೋಡಿನಲ್ಲೂ ಅದೇ, ಬೆರಳಿಗೆ ಹೊಸ ಪಾಠ ಬೇಕಿಲ್ಲ.

ಕೊನೆಯದಾಗಿ, ಹಳೇ ಮಷೀನನ್ನು ಎಕ್ಸ್‌ಚೇಂಜಿಗೆ ಹಾಕುವವರಲ್ಲಿ ಒಂದು ವಿನಂತಿ. ಹಾರ್ಡ್ ಡಿಸ್ಕ್ ಬಿಚ್ಚಿಕೊಂಡು ಮನೆಯಲ್ಲಿಡಿ, ಇಲ್ಲವೇ ಪೂರ್ತಿ ಅಳಿಸಿ ಕೊಡಿ. ಡಿಲೀಟ್ ಒತ್ತಿ ರಿಸೈಕಲ್ ಬಿನ್ ಖಾಲಿ ಮಾಡಿದರೆ ಫೈಲು ಹೋಗುವುದಿಲ್ಲ, ಬಲ್ಲವರು ಮತ್ತೆ ತೆಗೆಯುತ್ತಾರೆ. ಆ ಡಿಸ್ಕಿಗೆ ಸಿಗುವ ಐನೂರು ರೂಪಾಯಿಗೆ ಊರಿನವರ ಆಧಾರ್ ಮಾರಿದಂತಾಗಬಾರದು.

ಈ ಪತ್ರ ಓದಿ ಮುಗಿಸಿದವರು ಎರಡು ಕೆಲಸ ಮಾಡಿ. ಪ್ರೊಸೆಸರ್ ನಂಬರ್ ಬರೆದುಕೊಳ್ಳಿ, ಅದರ ಪಕ್ಕದಲ್ಲಿ ಒಂದು ತಾರೀಖು ಬರೆಯಿರಿ. ಆ ತಾರೀಖಿನವರೆಗೆ ಬೆಲೆಯ ಚಿಂತೆ ಬಿಡಿ, ಆ ತಾರೀಖು ಬಂದಾಗ ಬೆಲೆ ಎಷ್ಟೇ ಇರಲಿ ಕೊಳ್ಳಿ. ನನ್ನ ಹತ್ತಿರವೇ ಕೊಳ್ಳಬೇಕೆಂದೇನಿಲ್ಲ.

ಇಂತಿ ನಿಮ್ಮವ,
ಒಬ್ಬ ಕಂಪ್ಯೂಟರ್ ರಿಪೇರಿಯವನು